ಗಲಾಟೆ ಮಾಡುವ ಮಗು ಏನು ಕೇಳುತ್ತಿದೆ?



"ನಮ್ಮ ಹುಡುಗ ಶಾಲೇಲಿ ಕೂತಲ್ಲಿ ಕೂರಲ್ಲ, ಪಕ್ಕದವರ ಪೆನ್ಸಿಲ್ ಕಿತ್ಕೊಳ್ತಾನೆ, ಯಾರೂ ಅವನನ್ನ ಆಟಕ್ಕೆ ಸೇರಿಸ್ಕೊಳ್ಳಲ್ಲ." ಬೆಳಗೋಡು ಹೋಬಳಿಯ ಸಂಘದ ಸಭೆಗಳಲ್ಲಿ ತಾಯಂದಿರಿಂದ ನಾವು ಕೇಳುವ ಮಾತಿದು. ಇಂಥ ಮಗುವಿಗೆ ದಡ್ಡ, ತಂಟೆಕೋರ ಎಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. ಆ ಹೆಸರೇ ಮುಂದೆ ಮಗು ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೋಗಲು ದಾರಿಯಾಗಬಾರದು.

ಹೀಗೇಕೆ ಆಗುತ್ತದೆ?

ಕೆಲವು ಮಕ್ಕಳು ಮಾತಿನಲ್ಲಿ, ಕೆಲಸದಲ್ಲಿ ಚುರುಕಾಗಿದ್ದರೂ ಓದು, ಬರಹ, ಲೆಕ್ಕ ಕೈಗೆ ಹತ್ತುವುದಿಲ್ಲ. 'ಮ' ಮತ್ತು 'ವ', 'ಪ' ಮತ್ತು 'ಷ' ಅದಲುಬದಲಾಗುತ್ತವೆ, ಒತ್ತಕ್ಷರ ಬಿಟ್ಟುಹೋಗುತ್ತದೆ. ವರ್ಷಗಳಾದರೂ ಇದು ಸರಿಹೋಗದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. ಇದು ಸೋಮಾರಿತನವಲ್ಲ, ಹೆತ್ತವರ ತಪ್ಪೂ ಅಲ್ಲ. ಆದರೆ ಮನೆಯಲ್ಲಿ ತಮಿಳು, ತುಳು ಮಾತಾಡುವ ಮಗು ಕನ್ನಡ ಕಲಿಯಲು ಸಮಯ ತೆಗೆದುಕೊಂಡರೆ ಅದು ನ್ಯೂನತೆಯಲ್ಲ.

ಎಲ್ಲರೆದುರು ತಡವರಿಸಿ ನಗೆಪಾಟಲಾಗುವುದಕ್ಕಿಂತ ಗಲಾಟೆ ಮಾಡಿ ಬೈಸಿಕೊಳ್ಳುವುದೇ ಮಗುವಿಗೆ ಮೇಲೆನಿಸುತ್ತದೆ. ಬೈದಾಗಲಾದರೂ ಯಾರೋ ತನ್ನ ಕಡೆ ನೋಡಿದರಲ್ಲ! ನಮ್ಮ ಮಲೆನಾಡಿನಲ್ಲಿ ಮನೆಗಳು ದೂರ ದೂರ. ಶಾಲೆಯಲ್ಲಿ ಗೆಳೆಯರಿಲ್ಲದ ಮಗುವಿಗೆ ಬೇರೆಲ್ಲೂ ಗೆಳೆಯರು ಸಿಗುವುದಿಲ್ಲ.

ಶಾಲೆಯಲ್ಲಿ ಮಾಡಬಹುದಾದದ್ದು

1. ಗಲಾಟೆ ಶುರುವಾಗುವ ಮೊದಲೇ ಗಮನ ಕೊಡಿ. ಬೆಳಗ್ಗೆ ಹೆಸರು ಹಿಡಿದು ಮಾತಾಡಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ.
2. ಸಣ್ಣಪುಟ್ಟ ತಂಟೆಯನ್ನು ಕಂಡೂ ಕಾಣದಂತಿರಿ. ಸುಮ್ಮನೆ ಕೂತ ಐದು ನಿಮಿಷವನ್ನು ಮೆಚ್ಚಿ ಹೇಳಿ. ಆದರೆ ಬೇರೆ ಮಗುವಿಗೆ ನೋವಾದರೆ ಕೂಡಲೇ ತಡೆಯಿರಿ.
3. ಎಲ್ಲರೆದುರು ಏಕಾಏಕಿ ಓದಿಸಬೇಡಿ. ಬಾಯಲ್ಲಿ ಉತ್ತರ ಹೇಳಲು ಬಿಡಿ.
4. ಸಮಾಧಾನದ ಸ್ವಭಾವದ ಒಬ್ಬಿಬ್ಬರ ಜೊತೆ ಕೆಲಸ ಹಚ್ಚಿ: ಗಿಡಕ್ಕೆ ನೀರು ಹಾಕುವುದು, ಬಿಸಿಯೂಟದ ತಟ್ಟೆ ಜೋಡಿಸುವುದು. 'ಎಲ್ಲರೂ ಇವನ ಜೊತೆ ಆಡಿ' ಎಂದು ಅಪ್ಪಣೆ ಮಾಡಿದರೆ ಸ್ನೇಹ ಹುಟ್ಟುವುದಿಲ್ಲ, ಜೊತೆಯಾಗಿ ಕೆಲಸ ಮಾಡಿದರೆ ಹುಟ್ಟುತ್ತದೆ.

ಮನೆಯಲ್ಲಿ

ಕಾಫಿ ಕೊಯ್ಲಿನ ದಿನಗಳಲ್ಲಿ ಸುಸ್ತಾಗಿ ಬಂದಿರುತ್ತೀರಿ, ನಮಗೆ ಗೊತ್ತು. ಆದರೂ ಹತ್ತು ನಿಮಿಷ ಮಗುವಿನ ಪಕ್ಕ ಕೂರಿ. ಓದು ಬಾರದ ತಾಯಿಯೂ "ಇವತ್ತು ಯಾರ ಜೊತೆ ಊಟ ಮಾಡ್ದೆ?" ಎಂದು ಕೇಳಬಹುದು. ಅಕ್ಕ, ತಮ್ಮನ ಜೊತೆ ಹೋಲಿಸಬೇಡಿ. ಹೊಡೆದರೆ ಅಕ್ಷರ ಬರುವುದಿಲ್ಲ, ಭಯ ಬರುತ್ತದೆ.

ಸಹಾಯ ಎಲ್ಲಿ?

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ನಂತರ ಮುಖ್ಯ ಶಿಕ್ಷಕರ ಮೂಲಕ ಸಕಲೇಶಪುರದ ಬಿ.ಆರ್.ಸಿ.ಯ ವಿಶೇಷ ಸಂಪನ್ಮೂಲ ಶಿಕ್ಷಕರನ್ನು ಕಾಣಿರಿ. ಹೆಚ್ಚಿನ ತಪಾಸಣೆಗೆ ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಇವೆ.

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಇದೂ ಸೇರಿದೆ. ಬೇಗ ಪತ್ತೆಹಚ್ಚಿ ತಕ್ಕ ರೀತಿಯಲ್ಲಿ ಕಲಿಸುವುದು ಶಾಲೆಯ ಹೊಣೆ. ಪ್ರಮಾಣಪತ್ರ ಪಡೆದವರಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರ ಸೌಲಭ್ಯವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವನ್ನು ಹೊಡೆಯುವುದೂ, ಹೀಯಾಳಿಸುವುದೂ ನಿಷಿದ್ಧ.

ತಿಂಗಳೆರಡು ತಿಂಗಳಲ್ಲಿ ಎಲ್ಲ ಬದಲಾಗುವುದಿಲ್ಲ. ಆದರೆ ಊಟಕ್ಕೆ ಕೂತಾಗ ಆ ಮಗುವಿನ ಪಕ್ಕ ಒಬ್ಬ ಗೆಳೆಯ ಕೂತರೂ ಸಾಕು, ನಾಳೆ ಶಾಲೆಗೆ ಬರಲು ಅದಕ್ಕೊಂದು ಕಾರಣ ಸಿಕ್ಕಿತು. ಅಲ್ಲಿಂದಲೇ ಶುರು ಮಾಡೋಣ.