ಶಸ್ತ್ರಕ್ರಿಯೆಯೂ ದೇಹದ ಕಾವಲೂ

ಹೋದ ವರ್ಷ ನಮ್ಮ ಗೃಹಿಣಿಗೆ ಪಿತ್ತಕೋಶದ ಕಲ್ಲುಗಳಿಗಾಗಿ ಶಸ್ತ್ರಕ್ರಿಯೆಯಾಗಬೇಕಾಗಿ ಬಂದಿತು. ಆಕೆಯನ್ನು ಮನೆಗೆ ಕರೆತಂದ ದಿನವೇ ನಮ್ಮ ಅಕ್ಕನವರು ಹಣ್ಣುಹಂಪಲುಗಳೊಡನೆ ದೂರದ ಊರಿನಿಂದ ಬಂದಿಳಿದರು. ಅವರಿಗೆ ಕೆಮ್ಮು ನೆಗಡಿ ಬಲವಾಗಿದ್ದಿತು. ವೈದ್ಯರ ಎಚ್ಚರಿಕೆಯನ್ನು ನೆನೆದು ನಾವು ಅವರನ್ನು ನಡುಮನೆಯಲ್ಲಿಯೇ ತಡೆದೆವು. "ಈ ವಯಸ್ಸಿನಲ್ಲಿ ನಿನಗೆ ಅಕ್ಕನೂ ಬೇಡವಾದಳೇನೋ?" ಎಂದು ಅವರು ಕಣ್ಣೀರಿಟ್ಟರು. ಅಂದು ಅವರಿಗೆ ಸರಿಯಾಗಿ ತಿಳಿಯಹೇಳಲಾರದೆ ಹೋದ ಕಾರಣವನ್ನು ಇಂದು ವಾಚಕ ಮಹಾಶಯರ ಮುಂದಿಡುವೆವು.

ನೋವನ್ನು ಮರೆಸಿ ಶಸ್ತ್ರ ಹಿಡಿಯುವ ಯತ್ನವು ಬಹು ಪುರಾತನವಾದುದು. ವೇದನೆಯನ್ನು ಸಹಿಸಲಾರದ ಮದ್ಯಪಾಯಿಗೆ ಶಸ್ತ್ರಕರ್ಮಕ್ಕೆ ಮೊದಲು ಮದ್ಯವನ್ನು ಕುಡಿಸಬೇಕೆಂಬ ವಿಧಿಯು ಸುಶ್ರುತಸಂಹಿತೆಯಲ್ಲಿಯೇ ಉಂಟು. 1846ನೆಯ ಇಸವಿ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ರೋಗಿಗೆ ಈಥರ್ ಆವಿಯನ್ನು ಕೊಟ್ಟು, ಅರಿವಳಿಕೆಯ ಫಲವನ್ನು ಎಲ್ಲರ ಕಣ್ಣೆದುರು ತೋರಿಸಿದನು. ಆದರೆ ಮನಸ್ಸು ನೋವನ್ನು ಅರಿಯದಿದ್ದರೂ ದೇಹವು ಗಾಯವನ್ನು ಅರಿತೇ ಅರಿಯುವುದು.

ಶಸ್ತ್ರವು ತಗುಲಿದೊಡನೆ ಬಿಳಿಯ ರಕ್ತಕಣಗಳು ಗಾಯದ ಕಡೆಗೆ ಧಾವಿಸುವುವು. ಅಲ್ಲಿ ಬಾವು, ಉರಿ ತೋರುವುವು. ಮೊದಲ ಒಂದೆರಡು ದಿನ ಕಾಣುವ ಸಣ್ಣ ಜ್ವರಕ್ಕೆ ಬಹುಮಟ್ಟಿಗೆ ಇದೇ ಕಾರಣ. ಈ ಉರಿಯು ಮಿತಿಮೀರದಂತೆ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಕಾರ್ಟಿಸೋಲ್ ಎಂಬ ರಸವನ್ನು ಹೆಚ್ಚಾಗಿ ಸುರಿಸುವುವು. ಅದರಿಂದ ಉರಿಯೇನೋ ಅಡಗುವುದು. ಆದರೆ ಜೊತೆಗೇ ಲಿಂಫೋಸೈಟುಗಳೆಂಬ ಕಾವಲು ಕಣಗಳು ರಕ್ತದಲ್ಲಿ ಕಡಿಮೆಯಾಗಿ, ಉಳಿದವುಗಳ ಚುರುಕೂ ತಗ್ಗುವುದು. ಒಂದು ಮನೆಗೆ ಬೆಂಕಿ ಬಿದ್ದಾಗ ತಳವಾರರೆಲ್ಲ ಅತ್ತ ಓಡಿದರೆ ಉಳಿದ ಬೀದಿಗಳಿಗೆ ಕಾವಲು ತಪ್ಪುವುದಿಲ್ಲವೇ? ಅದರಂತೆಯೇ ಇದು. ಈ ದುರ್ಬಲತೆ ಸಾಮಾನ್ಯವಾಗಿ ಕೆಲವು ದಿನಗಳದು. ಗಾಯವು ದೊಡ್ಡದಾದಷ್ಟೂ ಹೆಚ್ಚು ಕಾಲ ನಿಲ್ಲುವುದು.

ಹಾಗಾದರೆ ಅರಿವಳಿಕೆಯೇ ದೋಷಿಯೋ? ಕೆಲವು ಅರಿವಳಿಕೆಯ ಮದ್ದುಗಳು ಕಾವಲು ಕಣಗಳನ್ನು ತುಸು ಮಂಕುಗೊಳಿಸುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದ 2000ಕ್ಕೂ ಹೆಚ್ಚು ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಎರಡು ಬಗೆಯ ಅರಿವಳಿಕೆಗಳನ್ನು ಹೋಲಿಸಿ ನೋಡಿದರು. ಎರಡು ಪಂಗಡಗಳಲ್ಲಿಯೂ ರೋಗವು ಮರುಕಳಿಸಿದ್ದು ನೂರಕ್ಕೆ ಸುಮಾರು ಹತ್ತು ಮಂದಿಗೆ. ಮುಖ್ಯ ಕಾರಣವು ಗಾಯವೇ ಹೊರತು ಮದ್ದಲ್ಲ. ಮಿಗಿಲಾಗಿ, ತಡೆಯದೆ ಬಿಟ್ಟ ನೋವು ತಾನೇ ದೇಹವನ್ನು ಕುಂದಿಸುವುದು. ಆದುದರಿಂದ ಅರಿವಳಿಕೆಗೆ ಅಂಜಿ, ಬೇಕಾದ ಶಸ್ತ್ರಕ್ರಿಯೆಯನ್ನು ಮುಂದೂಡುವುದು ವಿವೇಕವಲ್ಲ.

ಅಲ್ಪವೆಂದು ತೋರುವ ಉಪಚಾರದಿಂದಲೂ ಮಹತ್ಫಲವುಂಟು. 1996ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಕರುಳಿನ ಶಸ್ತ್ರಕ್ರಿಯೆಯ ವೇಳೆ ಮೈಯನ್ನು ಬೆಚ್ಚಗಿರಿಸಿದವರಲ್ಲಿ ನೂರಕ್ಕೆ 6 ಮಂದಿಯ ಗಾಯವು ಸೋಂಕಿಗೀಡಾಯಿತು. ಮೈ ಸುಮಾರು ಎರಡು ಡಿಗ್ರಿಯಷ್ಟು ತಣ್ಣಗಾದವರಲ್ಲಿ ನೂರಕ್ಕೆ 19 ಮಂದಿಗೆ. ಚಳಿಗೆ ರಕ್ತನಾಳಗಳು ಕುಗ್ಗಿ, ಗಾಯಕ್ಕೆ ಪ್ರಾಣವಾಯು ಸಾಲದೆ ಹೋಗುವುದೇ ಇದಕ್ಕೆ ಕಾರಣ.

ಗೃಹಸ್ಥರ ಪಾಲಿನ ಕರ್ತವ್ಯವೂ ಉಂಟು. ಶಸ್ತ್ರಕ್ರಿಯೆಗೆ ಕೆಲವು ವಾರ ಮೊದಲೇ ಹೊಗೆಸೊಪ್ಪನ್ನು ಬಿಡಿಸಬೇಕು, ಮಧುಮೇಹವನ್ನು ಹತೋಟಿಯಲ್ಲಿಡಬೇಕು, ಕೆಮ್ಮು ಜ್ವರಗಳಿದ್ದರೆ ಮರೆಮಾಚದೆ ವೈದ್ಯರಿಗೆ ತಿಳಿಸಬೇಕು. ಬಳಿಕ ನಿದ್ರೆ, ಸತ್ತ್ವವುಳ್ಳ ಆಹಾರ, ಶುಚಿಯಾದ ಕೈ ಇವು ತಪ್ಪಬಾರದು. ಜ್ವರವು ಇಳಿಯದೆ ಏರಿದರೆ, ಗಾಯವು ಕೆಂಪೇರಿ ಕೀವುಗೂಡಿದರೆ, ಮನೆಯ ಮದ್ದಿನಲ್ಲಿ ಕಾಲಹರಣ ಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ನಮ್ಮ ಅಕ್ಕನವರು ಕೋಪದಿಂದ ಊರಿಗೆ ಮರಳಲಿಲ್ಲ. ಕೆಮ್ಮು ಅಡಗುವವರೆಗೆ ಹೊರಗಿನ ಕೋಣೆಯಲ್ಲಿ ಉಳಿದು, ಆಮೇಲೆ ತಾವೇ ಗಂಜಿ ಕಾಯಿಸಿ ನಾದಿನಿಗೆ ಕುಡಿಸಿದರು. ಮರುದಿನ ನೆರೆಮನೆಯವರೊಬ್ಬರು ಸೀನುತ್ತ ಕ್ಷೇಮ ವಿಚಾರಿಸಲು ಬಂದಾಗ ಅವರನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸಿದವರು ನಾವಲ್ಲ, ಅಕ್ಕನವರೇ.