ಪ್ಲಾಸ್ಮಾ ದಾನ: ಪ್ರಥಮ ದಾನಿಯು ಅರಿತಿರಬೇಕಾದ ಸಂಗತಿಗಳು

ಅನ್ನದಾನ, ವಿದ್ಯಾದಾನಗಳ ಮಹತ್ತ್ವವನ್ನು ನಮ್ಮ ನಾಡಿನವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕೊಡುವವನ ಒಡಲಿನಿಂದಲೇ ಹೊರಟು ಮತ್ತೊಬ್ಬನ ಒಡಲನ್ನು ಸೇರುವ ದಾನವಾದರೋ ನಮ್ಮ ಪೂರ್ವಿಕರಿಗೆ ಶಿಬಿ ಚಕ್ರವರ್ತಿಯ ಕಥೆಯಲ್ಲಿಯೂ ದಧೀಚಿ ಮಹರ್ಷಿಯ ಕಥೆಯಲ್ಲಿಯೂ ಮಾತ್ರ ಪರಿಚಿತವಾಗಿದ್ದಿತು. ಇಂದು ಅದು ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರನಿಗೂ ದೇವನಹಳ್ಳಿಯ ದ್ರಾಕ್ಷಿ ತೋಟದ ರೈತನಿಗೂ ಸಾಧ್ಯವಾದ ಕಾರ್ಯವಾಗಿದೆ. ಶಿಬಿಯು ಮಾಂಸವನ್ನೂ ದಧೀಚಿಯು ಅಸ್ಥಿಯನ್ನೂ ಕಳೆದುಕೊಂಡರು. ಇಂದಿನ ದಾನಿಯು ಕೊಟ್ಟುದು ಮಾತ್ರ ಅವನ ದೇಹದಲ್ಲಿ ಮರಳಿ ತುಂಬಿಕೊಳ್ಳುತ್ತದೆ. ಹೀಗಿದ್ದರೂ ಮೊದಲ ಸಲ ಕೊಡುವವನ ಮನಸ್ಸಿನಲ್ಲಿ ಅಳುಕು ಇರುವುದು ಸಹಜ. ತಿಳಿಯದಿರುವುದೇ ಭಯಕ್ಕೆ ಮೂಲವಾದುದರಿಂದ, ತಿಳಿದಿರಬೇಕಾದುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗಿದೆ.

ಮೊದಲಿಗೆ ಶಬ್ದವಿಚಾರ. 'ಪ್ಲಾಸ್ಮಾ' ಎಂಬುದು ಗ್ರೀಕ್ ಮೂಲದ ಶಬ್ದ; ಅಚ್ಚಿನಲ್ಲಿ ರೂಪುಗೊಂಡುದು ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಇದನ್ನು ರಕ್ತರಸವೆಂದು ಕರೆಯಬಹುದು. ಆಯುರ್ವೇದದ ಸಪ್ತಧಾತುಗಳಲ್ಲಿ ರಸವು ಮೊದಲನೆಯದು, ರಕ್ತವು ಎರಡನೆಯದು. ಆ ರಸವೂ ಈ ಪ್ಲಾಸ್ಮಾವೂ ಒಂದೇ ಎಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೂ ರಕ್ತಕ್ಕೆ ಆಧಾರವಾದ ದ್ರವವೊಂದುಂಟೆಂಬ ಭಾವನೆ ನಮಗೆ ಹೊಸದಲ್ಲವೆಂದು ಹೇಳಲಡ್ಡಿಯಿಲ್ಲ.

ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಗಾಜಿನ ನಳಿಗೆಯಲ್ಲಿ ಅಲುಗಿಸದೆ ನಿಲ್ಲಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ಮೇಲುಗಡೆ ಒಣಹುಲ್ಲಿನ ಬಣ್ಣದ ತಿಳಿಯಾದ ದ್ರವ ಉಳಿಯುತ್ತದೆ. ಅದೇ ಪ್ಲಾಸ್ಮಾ. ರಕ್ತದ ನೂರು ಪಾಲಿನಲ್ಲಿ ಸುಮಾರು ೫೫ ಪಾಲು ಇದೇ ಆಗಿದೆ. ಅದರಲ್ಲಿ ತೊಂಬತ್ತು ಪಾಲಿಗೂ ಮಿಗಿಲಾಗಿ ನೀರು. ಉಳಿದ ಅಲ್ಪಭಾಗದಲ್ಲಿಯೇ ಅದರ ಸಾರವೆಲ್ಲ ಅಡಗಿದೆ. ರಕ್ತನಾಳಗಳಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್, ರೋಗದೊಡನೆ ಹೋರಾಡುವ ಪ್ರತಿಕಾಯಗಳು, ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಘಟಕಗಳು ಇವೇ ಮುಖ್ಯವಾದುವು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಿಗೆ, ಯಕೃತ್ತು ಕೆಟ್ಟು ರಕ್ತವು ಹೆಪ್ಪುಗಟ್ಟದಿರುವ ರೋಗಿಗೆ, ನೆಲಮಂಗಲದ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗಿ ಬಹಳ ರಕ್ತ ಕಳೆದುಕೊಂಡವನಿಗೆ ಇದು ಪ್ರಾಣಾಧಾರವಾಗಬಲ್ಲದು. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ಎಂಬ ವ್ಯಾಧಿಯುಳ್ಳವರಿಗೆ ಬೇಕಾದ ಔಷಧವನ್ನೂ ಪ್ಲಾಸ್ಮಾದಿಂದ ಬೇರ್ಪಡಿಸಿ ತಯಾರಿಸುತ್ತಾರೆ. ಇಂಥವರ ಹಿತಕ್ಕಾಗಿ ದಾವಣಗೆರೆಯಲ್ಲಿ ಕರ್ನಾಟಕ ಹೀಮೋಫಿಲಿಯಾ ಸೊಸೈಟಿಯು ದುಡಿಯುತ್ತ ಬಂದಿದೆ. ರಾಗಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿದವನಿಗೆ ಕೊಡುವ ವಿಷನಿರೋಧಕ ಮದ್ದು ಕೂಡ ಪ್ಲಾಸ್ಮಾದಿಂದಲೇ ಬಂದುದು. ಆದರೆ ಅಲ್ಲಿ ದಾನಿಯು ಮನುಷ್ಯನಲ್ಲ, ಕುದುರೆ.

ಪ್ಲಾಸ್ಮಾವನ್ನು ಕೊಡುವ ಮಾರ್ಗಗಳು ಎರಡು. ಮೊದಲನೆಯದು ಸಾಮಾನ್ಯ ರಕ್ತದಾನ. ಶಿಬಿರದಲ್ಲಿ ಕೊಟ್ಟ ರಕ್ತವನ್ನು ರಕ್ತಕೇಂದ್ರದಲ್ಲಿ ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು ಕೆಂಪು ಕಣ, ಕಿರುಬಿಲ್ಲೆ, ಪ್ಲಾಸ್ಮಾ ಎಂದು ವಿಂಗಡಿಸುತ್ತಾರೆ. ಹೀಗೆ ಬಂದ ಪ್ಲಾಸ್ಮಾವನ್ನು ಕೆಲವೇ ಗಂಟೆಗಳೊಳಗೆ ಹೆಪ್ಪುಗಟ್ಟಿಸಿ, ಸೊನ್ನೆಗಿಂತ ೩೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಒಂದು ವರ್ಷದವರೆಗೆ ಕಾಪಾಡಬಹುದು. ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ದೊರೆಯುವ ಪ್ಲಾಸ್ಮಾದ ಬಹುಪಾಲು ಈ ಮಾರ್ಗದಿಂದಲೇ ಬರುತ್ತದೆ. ಆದುದರಿಂದ ಹೊಸಕೋಟೆಯಲ್ಲಿಯೋ ದೊಡ್ಡಬಳ್ಳಾಪುರದಲ್ಲಿಯೋ ನಡೆಯುವ ರಕ್ತದಾನ ಶಿಬಿರದಲ್ಲಿ ತೋಳು ಚಾಚಿದವನು, ತಾನರಿಯದೆಯೇ ಪ್ಲಾಸ್ಮಾ ದಾನಿಯೂ ಆಗಿರುತ್ತಾನೆ.

ಎರಡನೆಯದು ಯಂತ್ರದ ಮೂಲಕ ಪ್ಲಾಸ್ಮಾವನ್ನು ಮಾತ್ರ ಕೊಡುವುದು. ಇದಕ್ಕೆ ಅಫೆರೆಸಿಸ್ ಎಂದು ಹೆಸರು. ಇದಕ್ಕೆ ಬೇಕಾದ ಉಪಕರಣಗಳು ದೊಡ್ಡ ರಕ್ತಕೇಂದ್ರಗಳಲ್ಲಿ ಇರುವುದರಿಂದ ನಮ್ಮ ತಾಲ್ಲೂಕುಗಳ ದಾನಿಯು ಸಾಮಾನ್ಯವಾಗಿ ಬೆಂಗಳೂರು ನಗರಕ್ಕೇ ಹೋಗಬೇಕಾಗುತ್ತದೆ. ಅಗತ್ಯ ಬಿದ್ದಾಗ ಕೇಂದ್ರದವರೇ ಕರೆಯುವುದು ವಾಡಿಕೆ. ಮುಂಚಿತವಾಗಿ ವಿಚಾರಿಸಿ ಸಮಯ ಗೊತ್ತುಮಾಡಿಕೊಂಡು ಹೋಗುವುದು ಲೇಸು.

ಇನ್ನು ಅರ್ಹತೆಯ ವಿಚಾರ. ೨೦೨೦ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಯಂತ್ರದ ಮೂಲಕ ಕೊಡುವವರ ವಯಸ್ಸು ೧೮ರಿಂದ ೬೦ರೊಳಗೂ ತೂಕ ಕನಿಷ್ಠ ೫೦ ಕಿಲೋಗ್ರಾಮೂ ಇರಬೇಕು. ಸಾಮಾನ್ಯ ರಕ್ತದಾನಕ್ಕೆ ೪೫ ಕಿಲೋಗ್ರಾಂ ಸಾಕು. ಎರಡಕ್ಕೂ ಹಿಮೋಗ್ಲೋಬಿನ್ ೧೨.೫ ಗ್ರಾಮಿಗೆ ಕಡಮೆಯಿರಕೂಡದು. ಹಿಮೋಗ್ಲೋಬಿನ್ ಕಡಮೆಯೆಂದು ಹಿಂದಿರುಗಿಸಲ್ಪಟ್ಟವರು, ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳು, ಅದನ್ನು ಅವಮಾನವೆಂದು ಬಗೆಯಬಾರದು. ದೇಹದೊಳಗಿನ ಕೊರತೆಯೊಂದು ಖರ್ಚಿಲ್ಲದೆ ತಿಳಿದುಬಂದಿತೆಂದು ಭಾವಿಸಿ ವೈದ್ಯರನ್ನು ಕಾಣುವುದು ಶ್ರೇಯಸ್ಕರ. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ಕೊಡತಕ್ಕುದಲ್ಲ. ಹಿಂದೆ ಗರ್ಭ ಧರಿಸಿದ್ದ ಸ್ತ್ರೀಯರ ಪ್ಲಾಸ್ಮಾದಲ್ಲಿ ಕೆಲವೊಮ್ಮೆ ಪಡೆಯುವವರ ಶ್ವಾಸಕೋಶಕ್ಕೆ ಹಾನಿಮಾಡಬಲ್ಲ ಪ್ರತಿಕಾಯಗಳು ಇರಬಹುದಾದುದರಿಂದ ಅದನ್ನು ಹಲವು ಕೇಂದ್ರಗಳು ಸ್ವೀಕರಿಸುವುದಿಲ್ಲ. ಇದು ದಾನಿಯ ದೋಷವಲ್ಲ, ರೋಗಿಯ ರಕ್ಷಣೆ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ೧೨ ತಿಂಗಳು ಕಾಯಬೇಕು. ರಾತ್ರಿಪಾಳಿ ಮುಗಿಸಿ ನಿದ್ರೆಯಿಲ್ಲದೆ ಬಂದವರು ಕೊಡಲಾಗದು. ದೂರದ ಹಾದಿಯ ವಾಹನ ಚಾಲಕರು ದಾನದ ಬಳಿಕ ೨೪ ಗಂಟೆಗಳಾದರೂ ಕಳೆಯದೆ ಚಕ್ರ ಹಿಡಿಯಕೂಡದು. ಮಗ್ಗಗಳೂ ಲಾರಿಗಳೂ ಹೆಚ್ಚಾಗಿರುವ ನಮ್ಮ ಜಿಲ್ಲೆಯಲ್ಲಿ ಈ ಎರಡು ನಿಯಮಗಳನ್ನು ಶಿಬಿರ ನಡೆಸುವವರು ಎತ್ತಿ ಹೇಳಬೇಕು.

ದಾನದ ಹಿಂದಿನ ದಿನ ಚೆನ್ನಾಗಿ ನೀರು ಕುಡಿದು, ರಾತ್ರಿ ಸಾಕಷ್ಟು ನಿದ್ರಿಸಬೇಕು. ಆ ದಿನ ಹಿತಮಿತವಾದ ಊಟ ಮಾಡಿಯೇ ಹೋಗಬೇಕು. ಸೋಮವಾರದ ಉಪವಾಸವನ್ನೋ ಏಕಾದಶಿಯನ್ನೋ ಆಚರಿಸುವವರು ಬೇರೆ ದಿನವನ್ನು ಆರಿಸಿಕೊಳ್ಳಲಿ. ಬರಿಹೊಟ್ಟೆಯಲ್ಲಿ ಕೊಟ್ಟರೆ ತಲೆಸುತ್ತು ಬರುವ ಸಂಭವವುಂಟು. ಕರಿದ ಪದಾರ್ಥಗಳನ್ನು ತಿಂದು ಹೋದರೆ ಪ್ಲಾಸ್ಮಾವು ಜಿಡ್ಡಿನಿಂದ ಮಸಕಾಗಿ ನಿರುಪಯೋಗಿಯಾಗಬಹುದು. ಸಡಿಲವಾದ ತೋಳಿನ ಅಂಗಿ ತೊಟ್ಟು, ಗುರುತಿನ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

ಕೇಂದ್ರವನ್ನು ಹೊಕ್ಕೊಡನೆ ಪ್ರಶ್ನಾವಳಿಯೊಂದನ್ನು ಕೊಡುತ್ತಾರೆ. ಹಿಂದಿನ ಕಾಯಿಲೆ, ಸೇವಿಸುವ ಔಷಧ, ಕಾಮಾಲೆ, ಶಸ್ತ್ರಚಿಕಿತ್ಸೆ, ನಡೆನುಡಿಗಳ ಬಗೆಗೆ ಅದರಲ್ಲಿ ಕೇಳಿರುತ್ತದೆ. ಕೆಲವು ಪ್ರಶ್ನೆಗಳು ಸಂಕೋಚವನ್ನುಂಟುಮಾಡಬಹುದು. ಆದರೂ ಇಡೀ ಕಾರ್ಯದಲ್ಲಿ ದಾನಿಯ ಧರ್ಮಪರೀಕ್ಷೆ ನಡೆಯುವುದು ಇಲ್ಲಿಯೇ, ಸೂಜಿಯ ಮುಂದೆ ಅಲ್ಲ. ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದು ರೋಗಗಳಿಗಾಗಿ ಪರೀಕ್ಷಿಸುವುದು ಕಡ್ಡಾಯವೇನೋ ನಿಜ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಗೋಚರಿಸದೆ ಇರಬಹುದು. ಆ ಅವಧಿಯಲ್ಲಿ ರೋಗಿಯನ್ನು ಕಾಪಾಡುವುದು ದಾನಿಯ ಸತ್ಯವೊಂದೇ. ಸ್ನೇಹಿತರೆದುರು ಹಿಂಜರಿಯಲಾಗದೆಂದು ಸುಳ್ಳು ಬರೆದು ಕೊಟ್ಟ ರಕ್ತವು ದಾನವೆನಿಸಲಾರದು.

ಬಳಿಕ ತೂಕ, ರಕ್ತದೊತ್ತಡ, ನಾಡಿಗಳ ಪರೀಕ್ಷೆ. ಬೆರಳ ತುದಿಯಿಂದ ಒಂದು ಹನಿ ರಕ್ತ. ಯಂತ್ರದ ಮೂಲಕ ಕೊಡುವವರ ರಕ್ತನಾಳವು ಸಾಕಷ್ಟು ದಪ್ಪವಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಅನಂತರ ಒರಗುಕುರ್ಚಿಯಲ್ಲಿ ಕೂರಿಸಿ ಮೊಣಕೈಯ ಒಳಭಾಗದಲ್ಲಿ ಸೂಜಿ ಚುಚ್ಚುತ್ತಾರೆ. ಆ ಕ್ಷಣದ ನೋವು ಇರುವೆ ಕಚ್ಚಿದುದಕ್ಕಿಂತ ತುಸು ಹೆಚ್ಚು; ಆಮೇಲೆ ಅದು ಉಳಿಯುವುದಿಲ್ಲ. ರಕ್ತವು ಯಂತ್ರದೊಳಗೆ ಹರಿದು, ಅಲ್ಲಿ ತಿರುಗಿ, ಪ್ಲಾಸ್ಮಾ ಒಂದು ಚೀಲದಲ್ಲಿ ನಿಂತು, ಕಣಗಳು ದಾನಿಯ ಮೈಗೆ ಮರಳುತ್ತವೆ. ಕೊಳವೆಗಳೂ ಸೂಜಿಯೂ ಒಬ್ಬ ದಾನಿಗೆ ಒಂದೇ ಸಲ ಬಳಸಿ ಎಸೆಯತಕ್ಕವು; ಆದುದರಿಂದ ಕೊಡುವವನಿಗೆ ಸೋಂಕಿನ ಭಯ ಬೇಡ. ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಕಾಲ ಹಿಡಿಯಬಹುದು. ಸಾಮಾನ್ಯ ರಕ್ತದಾನವಾದರೆ ಹತ್ತು ನಿಮಿಷಗಳ ಸುಮಾರಿಗೆ ಮುಗಿಯುತ್ತದೆ.

ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಸಿಟ್ರೇಟ್ ಎಂಬ ದ್ರವವನ್ನು ಬೆರೆಸುತ್ತಾರೆ. ಅದರಲ್ಲಿ ಸ್ವಲ್ಪ ಭಾಗ ದಾನಿಯ ದೇಹಕ್ಕೂ ಬಂದು ಅಲ್ಲಿನ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುವುದರಿಂದ ತುಟಿಗಳ ಸುತ್ತ, ಬೆರಳ ತುದಿಗಳಲ್ಲಿ ಜುಮ್ಮೆನಿಸುವುದುಂಟು. ಮೈಗೆ ಚಳಿಯಾದಂತೆಯೂ ಅನ್ನಿಸಬಹುದು. ಇದನ್ನು ಸಹಿಸಿಕೊಂಡು ಸುಮ್ಮನಿರುವುದು ಶೌರ್ಯವಲ್ಲ. ಕೂಡಲೇ ದಾದಿಗೆ ಹೇಳಿದರೆ ಯಂತ್ರದ ವೇಗವನ್ನು ತಗ್ಗಿಸುತ್ತಾರೆ, ಬೇಕಾದರೆ ಕ್ಯಾಲ್ಸಿಯಂ ಗುಳಿಗೆ ಕೊಡುತ್ತಾರೆ. ಕಣ್ಣು ಕತ್ತಲಿಟ್ಟರೂ ಹೀಗೆಯೇ ತಿಳಿಸತಕ್ಕುದು.

ಮುಗಿದೊಡನೆ ಎದ್ದು ಹೊರಡದೆ ಹದಿನೈದು ನಿಮಿಷ ವಿಶ್ರಮಿಸಿ, ಕೊಟ್ಟ ಪಾನೀಯವನ್ನೂ ತಿಂಡಿಯನ್ನೂ ಸೇವಿಸಬೇಕು. ಆ ತೋಳಿನಿಂದ ಅಂದು ಭಾರ ಎತ್ತಬಾರದು. ಚುಚ್ಚಿದೆಡೆ ನೀಲಿಗಟ್ಟಿದರೆ ಕೆಲವು ದಿನಗಳಲ್ಲಿ ಮಾಯುತ್ತದೆ. ಪ್ಲಾಸ್ಮಾದ ನೀರಿನಂಶ ಒಂದೆರಡು ದಿನಗಳಲ್ಲಿಯೇ ತುಂಬುತ್ತದೆ. ಕೆಂಪು ಕಣಗಳಿಗೆ ಮಾತ್ರ ವಾರಗಳು ಬೇಕು. ಆ ಕಾರಣದಿಂದಲೇ ಸಾಮಾನ್ಯ ರಕ್ತದಾನಗಳ ನಡುವೆ ಪುರುಷರು ೯೦ ದಿನ, ಸ್ತ್ರೀಯರು ೧೨೦ ದಿನ ಕಾಯಬೇಕೆಂಬ ನಿಯಮವಿದೆ.

ಗುಂಪುಗಳ ವಿಚಾರದಲ್ಲಿ ಒಂದು ವೈಚಿತ್ರ್ಯವುಂಟು. ಕೆಂಪು ಕಣಗಳಿಗೆ 'ಓ' ಗುಂಪಿನವನು ಸಾರ್ವತ್ರಿಕ ದಾನಿ. ಪ್ಲಾಸ್ಮಾಕ್ಕೆ 'ಎಬಿ' ಗುಂಪಿನವನು ಸಾರ್ವತ್ರಿಕ ದಾನಿ. ಅವನ ಪ್ಲಾಸ್ಮಾದಲ್ಲಿ 'ಎ'ಗಾಗಲಿ 'ಬಿ'ಗಾಗಲಿ ವಿರೋಧಿಯಾದ ಪ್ರತಿಕಾಯಗಳಿಲ್ಲದಿರುವುದೇ ಇದಕ್ಕೆ ಕಾರಣ.

ಬೆಲೆಯ ಪ್ರಶ್ನೆಯನ್ನೂ ಇಲ್ಲಿ ವಿವೇಚಿಸಬೇಕು. ನಮ್ಮಲ್ಲಿ ಹಿಂದೆ ಬಡವರು ಹೊಟ್ಟೆಪಾಡಿಗಾಗಿ ರಕ್ತ ಮಾರುತ್ತಿದ್ದರು. ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪಿನ ಫಲವಾಗಿ ೧೯೯೮ರ ಜನವರಿ ೧ರಿಂದ ಅದು ನಿಷಿದ್ಧವಾಯಿತು. ಅಮೆರಿಕದಲ್ಲಿಯಾದರೋ ಪ್ಲಾಸ್ಮಾ ಕೊಟ್ಟವರಿಗೆ ಹಣ ಕೊಡುವ ಪದ್ಧತಿ ಇಂದಿಗೂ ಇದೆ. ವಿದೇಶದಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಇದನ್ನು ಕಂಡಿರಬಹುದು. ೨೦೨೦ರ ಜುಲೈ ಮಾಸದಲ್ಲಿ ಕರ್ನಾಟಕ ಸರ್ಕಾರವೂ ಕೋವಿಡ್‌ನಿಂದ ಗುಣಹೊಂದಿ ಪ್ಲಾಸ್ಮಾ ಕೊಟ್ಟವರಿಗೆ ೫,೦೦೦ ರೂಪಾಯಿಗಳ ಪ್ರೋತ್ಸಾಹಧನವನ್ನು ಘೋಷಿಸಿದ್ದಿತು. ಹಣವು ಮುಂದೆ ನಿಂತಾಗ ಪ್ರಶ್ನಾವಳಿಯ ಸತ್ಯವು ಹಿಂದೆ ಸರಿಯುವ ಅಪಾಯವಿದೆಯೆಂಬುದೇ ಇಲ್ಲಿನ ಮುಖ್ಯ ಆಕ್ಷೇಪ.

ಆ ಕೋವಿಡ್ ಕಾಲದ ಪ್ರಯತ್ನವು ಏನಾಯಿತೆಂದು ಹಲವರು ಕೇಳುವುದುಂಟು. ೧೮೯೦ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ರೋಗವನ್ನು ಗೆದ್ದ ಪ್ರಾಣಿಯ ರಕ್ತರಸವು ಮತ್ತೊಂದನ್ನು ಕಾಪಾಡಬಲ್ಲುದೆಂದು ತೋರಿಸಿದ್ದರು. ಆ ತತ್ತ್ವವನ್ನೇ ಅನುಸರಿಸಿ ೨೦೨೦ರ ಏಪ್ರಿಲ್ ಮಾಸದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಮಾ ಚಿಕಿತ್ಸೆಯ ಪ್ರಯೋಗ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ೩೯ ಆಸ್ಪತ್ರೆಗಳಲ್ಲಿ ೪೬೪ ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಮರಣವಾಗಲಿ ರೋಗದ ಉಲ್ಬಣವಾಗಲಿ ಕಡಮೆಯಾದುದು ಕಂಡುಬರಲಿಲ್ಲ. ೨೦೨೧ರ ಮೇ ಮಾಸದಲ್ಲಿ ಅದನ್ನು ಚಿಕಿತ್ಸಾಕ್ರಮದಿಂದ ಕೈಬಿಡಲಾಯಿತು. ಹಾಗಾದರೆ ಅಂದು ಕೊಟ್ಟವರ ದಾನ ವ್ಯರ್ಥವೇ? ಹಾಗೆನ್ನಲಾಗದು. ಫಲವಿಲ್ಲವೆಂಬುದನ್ನು ಪರೀಕ್ಷಿಸಿ ತಿಳಿಯಲು ಅವರು ಕೊಟ್ಟುದೇ ಆಧಾರವಾಯಿತು. ನಿಷ್ಪ್ರಯೋಜಕವಾದ ಚಿಕಿತ್ಸೆಗಾಗಿ ಬಂಧುಗಳು ಊರೂರು ಅಲೆಯುವುದು ತಪ್ಪಿತು.

ಈ ಶಾಲೆಯ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮಾಡಬಹುದಾದ ಸೇವೆ ಸುಲಭವಾದುದು. ಶಿಬಿರಕ್ಕೆ ಮೊದಲು ಈ ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಲಿ. ಅನರ್ಹರಾದವರನ್ನು ಗೌರವದಿಂದಲೇ ಬೀಳ್ಕೊಡಲಿ. ಅರ್ಹರಾದವರು ತಮ್ಮ ಗುಂಪನ್ನೂ ದಾನ ಮಾಡಿದ ದಿನಾಂಕವನ್ನೂ ಬರೆದಿಟ್ಟುಕೊಳ್ಳಲಿ. ಮುಂದಿನ ಸಲ ಕರೆ ಬಂದಾಗ ಅವರು ಪ್ರಥಮ ದಾನಿಗಳಾಗಿರುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಅಂಜುತ್ತ ಕುಳಿತ ಹೊಸಬರಿಗೆ ಧೈರ್ಯ ಹೇಳಬಲ್ಲವರಾಗಿರುತ್ತಾರೆ.