ಉದ್ಯಾನಗಳ ಯಾತ್ರೆ

ಉದ್ಯಾನಗಳನ್ನು ನೋಡಲೆಂದೇ ಹಲವು ದಿನಗಳ ಪ್ರವಾಸ ಕೈಗೊಳ್ಳುವ ರೂಢಿ ಇಂಗ್ಲೆಂಡಿನ ಜನರಲ್ಲಿದೆ. 1927ರಲ್ಲಿ ಅಲ್ಲಿ ಆರುನೂರಕ್ಕೂ ಹೆಚ್ಚು ಖಾಸಗಿ ತೋಟಗಳು ಸಾರ್ವಜನಿಕರಿಗೆ ತೆರೆದುವು. ತಲೆಗೊಂದು ಷಿಲಿಂಗಿನಂತೆ ಕೂಡಿದ ಹಣ, ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡುವ ದಾದಿಯರಿಗೆ ನೆರವಾಯಿತು. ತಂಪು ಹವೆಯ ಆ ನಾಡಿನಲ್ಲಿ ಹಸುರನ್ನು ಉಳಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಆದರೆ ಬಿಸಿಲ ನಾಡಾದ ರಾಯಚೂರು ಜಿಲ್ಲೆಯಿಂದ ಇಂತಹ ಯಾತ್ರೆ ಹೊರಟವರಿಗೆ ಉದ್ಯಾನವು ಬೇರೊಂದು ಪಾಠವನ್ನೇ ಹೇಳುತ್ತದೆ.

ಈ ಯಾತ್ರೆಗೆ ಮಸ್ಕಿಯೇ ತಕ್ಕ ಆರಂಭಸ್ಥಾನ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಈ ಊರಿದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಇಲ್ಲಿನ ಬಂಡೆಯ ಮೇಲೆ ಒಂದು ಶಾಸನವನ್ನು ಕಂಡನು. 'ದೇವಾನಾಂಪ್ರಿಯ'ನೆಂಬ ಅರಸನು ಅಶೋಕನೇ ಎಂಬುದನ್ನು ಆ ಶಾಸನವು ಖಚಿತಪಡಿಸಿತು. ದಾರಿಯ ಬದಿಗೆ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಬೆಳೆಸಿದುದಾಗಿ, ಮನುಷ್ಯರಿಗೂ ಪಶುಗಳಿಗೂ ಬಾವಿಗಳನ್ನು ತೋಡಿಸಿದುದಾಗಿ ಅದೇ ಅಶೋಕನು ತನ್ನ ಬೇರೆ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ನೆರಳು ಎಲ್ಲರ ಸೊತ್ತು ಎಂಬ ಭಾವನೆ ಅಷ್ಟು ಹಳೆಯದು.

ಸಿಂಧನೂರನ್ನು ದಾಟಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬರುವ ದಿಕ್ಕಿನತ್ತ ಸಾಗಿದರೆ ಮೊದಲ ದಿನದ ಕೊನೆಗೆ ಮುನಿರಾಬಾದ್ ಸಿಗುತ್ತದೆ. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಮಗ್ಗುಲಲ್ಲೇ ಪಂಪಾವನವೆಂಬ ಉದ್ಯಾನವಿದೆ. ಜೋಳ, ಹತ್ತಿಗಳ ಯರೆಭೂಮಿಯಾಗಿದ್ದ ಸಿಂಧನೂರನ್ನು ಭತ್ತದ ನಾಡಾಗಿ ಮಾಡಿದುದು ಇಲ್ಲಿಂದ ಹರಿದ ನೀರೇ.

ಮುಂದಿನ ಎರಡು ದಿನ ಬೆಂಗಳೂರಿನಲ್ಲಿ. ಅಲ್ಲಿನ ಲಾಲ್‌ಬಾಗನ್ನು ಹೈದರಾಲಿಯು 1760ರಲ್ಲಿ ಆರಂಭಿಸಿದನು. ಟಿಪ್ಪುವು ದೂರದೇಶಗಳಿಂದ ಸಸಿಗಳನ್ನು ತರಿಸಿ ಬೆಳೆಸಿದನು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದಿದ್ದ ಜರ್ಮನಿಯ ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಅದನ್ನು ಬೆಳಗಿಸಿದರು. ಅನಂತರ ಡಾ. ಮರೀಗೌಡರು ಉದ್ಯಾನದ ವಿದ್ಯೆಯನ್ನು ರೈತನ ಹೊಲದವರೆಗೆ ಕೊಂಡೊಯ್ದರು. ಮಳೆಯನ್ನೇ ನಂಬಿದ ನೆಲದಲ್ಲೂ ಹಣ್ಣಿನ ಗಿಡಗಳನ್ನು ಬೆಳೆಸಬಹುದೆಂದು ತೋರಿಸಿದರು.

ನಾಲ್ಕನೆಯ ದಿನ ಕೃಷ್ಣರಾಜಸಾಗರದ ಬೃಂದಾವನ. ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ ಇದು 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡಿತು. ಇಲ್ಲಿ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ನೀರು ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಇಳಿಯುತ್ತ, ಎಲ್ಲಿಯೂ ಕೊಳೆತು ನಿಲ್ಲದೆ ಮುಂದೆ ಸಾಗುತ್ತದೆ. ತೋಟಗಾರನ ಜಾಣ್ಮೆಯೆಲ್ಲ ಇದರಲ್ಲಿಯೇ ಇದೆ. ಗಿಡಕ್ಕೆ ಬೇಕಾದಷ್ಟು ನೀರನ್ನು ಕೊಡುವುದು ಎಷ್ಟು ಮುಖ್ಯವೋ, ಮಿಕ್ಕ ನೀರು ಬಸಿದುಹೋಗಲು ದಾರಿ ಮಾಡುವುದೂ ಅಷ್ಟೇ ಮುಖ್ಯ.

ಈ ಮಾತನ್ನು ನೆನಪಿನಲ್ಲಿಟ್ಟು ಸಿಂಧನೂರಿಗೆ ಮರಳಿದವರಿಗೆ ಕಾಲುವೆಯ ಬದಿಯ ಹೊಲಗಳು ಹೊಸ ಅರ್ಥದಲ್ಲಿ ಕಾಣುತ್ತವೆ. ಮಿತಿಮೀರಿ ನೀರು ಹಾಯಿಸಿದಾಗ ಅಂತರ್ಜಲವು ಮೇಲೇರುತ್ತದೆ. ನೆಲದೊಳಗಿನ ಲವಣವು ನೀರಿನಲ್ಲಿ ಕರಗಿ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಮಾತ್ರ ಉಳಿಯುತ್ತದೆ. ಹೀಗೆ ಚಿನ್ನದಂತಹ ಭೂಮಿ ಸವುಳಾಗುತ್ತದೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಹಲವು ಹೊಲಗಳು ಹೀಗೆ ಕೆಟ್ಟಿವೆ. ಅತ್ತ ಕಾಲುವೆಯ ಕೊನೆಯ ಭಾಗದ ರೈತನು ನೀರಿಲ್ಲದೆ ಬಾಯಾರಿದ ಹೊಲವನ್ನು ನೋಡುತ್ತ ಕುಳಿತಿರುತ್ತಾನೆ. ಒಬ್ಬನ ಹೊಲವನ್ನು ಕೆಡಿಸುವ ನೀರೇ ಇನ್ನೊಬ್ಬನ ಹೊಲವನ್ನು ಉಳಿಸಬಲ್ಲದು.

ಹಿತಮಿತವಾಗಿ ನೀರುಣಿಸಿ, ಬಸಿಗಾಲುವೆಗಳನ್ನು ತೆರೆದು, ಬದುಗಳ ಮೇಲೆ ಮರಗಳನ್ನು ಬೆಳೆಸಿದರೆ ಅಚ್ಚುಕಟ್ಟು ಪ್ರದೇಶವೇ ಒಂದು ಉದ್ಯಾನವಾದೀತು. ಉದ್ಯಾನವು ಕಣ್ಣಿಗೆ ಹಬ್ಬ ಮಾತ್ರವಲ್ಲ. ನೆಲವನ್ನೂ ನೀರನ್ನೂ ಹಂಚಿಕೊಂಡು ಬಾಳುವ ವಿವೇಕಕ್ಕೆ ಅದೊಂದು ಪಾಠಶಾಲೆ.